ಚಿಪ್ಪಿನಾಕಾರದ ಸೋಪು

ಮೆಟ್ಟಿಲು ಹತ್ತಿ ಎಡಕ್ಕೆ ತಿರುಗಿದರೆ ನೆಂಟರ ಕೋಣೆ.
ಹೋದ ವರ್ಷ ಅಲ್ಲಿ ಮಲಗಿದವರ ಲೆಕ್ಕ
ಇಷ್‌ಬೆಲ್ ಕ್ಯಾಲೆಂಡರಿನ ಬೆನ್ನಿಗೆ ಬರೆದಿಟ್ಟಿದ್ದಾಳೆ:
ಅವಳ ಚಿಕ್ಕಮ್ಮನ ಮಗಳು ನೆಟ್ಟಾ, ಆರು ರಾತ್ರಿ;
ಕೊನೆಯ ದೋಣಿ ತಪ್ಪಿಸಿಕೊಂಡ ಪಿಯಾನೊ ರಿಪೇರಿಯವನು, ಒಂದು;
ಹೆಂಡತಿಯೊಡನೆ ಮುನಿಸಿಕೊಂಡ ನನ್ನ ತಮ್ಮ ಲಾಕ್ಲನ್, ನಾಲ್ಕು.
ಒಟ್ಟು ಹನ್ನೊಂದು.
ಮಿಕ್ಕ ಮುನ್ನೂರ ಐವತ್ತನಾಲ್ಕು ರಾತ್ರಿ
ಇಸ್ತ್ರಿ ಮಾಡಿದ ಹೊದಿಕೆ ಹೊದ್ದು
ಮಂಚ ತನ್ನ ಮೇಲೆ ತಾನೇ ಮಲಗಿತ್ತು.

ಅದರ ಹೀಟರಿಗೂ ನಾವೇ ದುಡ್ಡು ತೆರಬೇಕು.
ಇಡೀ ಮನೆಯಲ್ಲಿ ಕ್ಲೈಡ್ ನದಿ ಕಾಣುವ ಕಿಟಕಿ ಅದೊಂದೇ.
ನಾವು ದಿನವೂ ಕೂರುವಲ್ಲಿಂದ ಪಕ್ಕದ ಮನೆಯ ಕಸದ ಡಬ್ಬಿ.
ಬಾರದವರಿಗೆ ನದಿ,
ಇರುವವರಿಗೆ ಡಬ್ಬಿ.

ಇದಕ್ಕೊಂದು ದಾರಿ ಕಾಣಬೇಕೆಂದು
ಜನವರಿಯಲ್ಲಿ ಮಾತಾಯಿತು.
ಅವಳಿಗೆ ಹೊಲಿಗೆಯ ಮೇಜು ಬೇಕು,
ನಿಂತೇ ಬಟ್ಟೆ ಕತ್ತರಿಸುವಷ್ಟು ಎತ್ತರದ್ದು;
ಮಂಚ ಮಡಚಿ ಗೋಡೆ ಸೇರಲಿ.
ನನಗೆ ನನ್ನ ಹಳೆಯ ರೇಡಿಯೊಗಳಿಗೆ ಜಾಗ ಬೇಕು,
ಷೆಡ್ಡಿನ ತೇವಕ್ಕೆ ತುಕ್ಕು ತಿನ್ನುತ್ತಿರುವ ಒಂಬತ್ತು,
ಅದರಲ್ಲಿ ಬಾಯಿ ಬಿಡುವವು ಎರಡು.
'ನೆಟ್ಟಾ ಬಂದರೆ?' ಎಂದೆ ನಾನು.
'ಲಾಕ್ಲನ್ ಮತ್ತೆ ಮುನಿಸಿಕೊಂಡರೆ?' ಎಂದಳು ಅವಳು.
ಬಾರದ ನೆಂಟರ ಹೆಸರು ಹೇಳಿ
ಒಬ್ಬರ ಆಸೆಗೆ ಒಬ್ಬರು ಅಡ್ಡಗಾಲು ಕೊಟ್ಟು
ಫೆಬ್ರವರಿ ಕಳೆಯಿತು.

ಮಾರ್ಚಿಯ ಒಂದು ಸೋಮವಾರ
ಅಳತೆಯ ಪಟ್ಟಿ ಹಿಡಿದು ಹತ್ತಿದೆ.
ಉದ್ದ ಹತ್ತಡಿ ನಾಲ್ಕಂಗುಲ.
ಅಗಲಕ್ಕೆಂದು ಬೇಸಿನ್ನಿನ ಕಡೆ ತಿರುಗಿದವನು
ಅಲ್ಲೇ ನಿಂತೆ.
ನೆಂಟರಿಗೆಂದೇ ಇಟ್ಟ ಸೋಪು, ಚಿಪ್ಪಿನಾಕಾರದ್ದು,
ನೆಟ್ಟಾ ಬರುತ್ತಾಳೆಂದು ಕ್ರಿಸ್‌ಮಸ್ಸಿಗೆ ಹೊಸದಾಗಿ ಬಿಚ್ಚಿದ್ದು,
ಗೆರೆಯೆಲ್ಲ ಅಳಿಸಿ
ಉಗುರಿನಷ್ಟು ತೆಳ್ಳಗಾಗಿತ್ತು.

ನೆಟ್ಟಾ ಬಂದಿರಲಿಲ್ಲ.
ಆಮೇಲೆ ಯಾರೂ ಬಂದಿಲ್ಲ.

ನನ್ನ ಪಾಲು ನನಗೆ ಗೊತ್ತು.
ಬುಧವಾರ ಅವಳು ಈಜಲು ಹೋದಾಗ
ಷೂ ಬಿಚ್ಚಿ ಕೈಯಲ್ಲಿ ಹಿಡಿದು, ಮಂಚದ ತುದಿಯಲ್ಲಿ ಕೂತು
ಮೂರೂ ಇಪ್ಪತ್ತರ ಡನೂನ್ ದೋಣಿ ಹೊರಡುವುದನ್ನು ನೋಡುತ್ತೇನೆ.
ಮೂವತ್ತೊಂದು ವರ್ಷ ಅದರಲ್ಲಿ ಟಿಕೆಟು ಹರಿದವನು;
ದೂರದಿಂದ ಅದು ಎಷ್ಟು ಸಣ್ಣದೆಂದು
ಈಗ ಗೊತ್ತಾಗುತ್ತಿದೆ.
ಆಮೇಲೆ ಕೈ ತೊಳೆದು, ಹೊದಿಕೆಯ ಸುಕ್ಕು ಎಳೆದು
ನನ್ನ ಮನೆಯಲ್ಲೇ ಕಳ್ಳನ ಹೆಜ್ಜೆಯಲ್ಲಿ ಇಳಿಯುತ್ತೇನೆ.
ಆದರೆ ವಾರಕ್ಕೊಮ್ಮೆಯ ಕೈಗೆ
ಸೋಪು ಹೀಗೆ ಕರಗುವುದಿಲ್ಲ.

ದಿಂಬು ಎತ್ತಿದೆ. ಎತ್ತಬಾರದಿತ್ತು.
ಅರ್ಧ ಮುಗಿದ ಶುಂಠಿ ಬಿಸ್ಕತ್ತಿನ ಪೊಟ್ಟಣ,
ಮೂಲೆ ಮಡಚಿದ ಒಂದು ಪತ್ತೇದಾರಿ,
ತಿಂಗಳಿಂದ ಕಳೆದುಹೋಗಿದ್ದ ಅವಳ ಓದುವ ಕನ್ನಡಕ.
ಸೋಫಾದಡಿಗೆ ಟಾರ್ಚು ಬಿಟ್ಟು
ನನ್ನ ಜೊತೆ ಬಗ್ಗಿ ಅವಳೂ ಹುಡುಕಿದ್ದಳಲ್ಲ!

'ನಿನ್ನ ಗೊರಕೆ' ಎಂದಳು, ಆಲೂಗಡ್ಡೆ ಹೆರೆಯುತ್ತ.
'ನಾಲ್ಕಕ್ಕೆ ಎದ್ದು ಹೋಗುತ್ತೇನೆ. ಆರೂವರೆಗೆ ನಿನ್ನ ಪಕ್ಕ.'
ನಾನೂ ದೋಣಿಯ ವಿಷಯ ಬಾಯಿ ಬಿಟ್ಟೆ.
'ಗೊತ್ತು. ಬುಧವಾರ ಹೊದಿಕೆಯ ಮೂಲೆ
ಟಿಕೆಟಿನ ಹಾಗೆ ಮಡಚಿರುತ್ತದೆ.'
ಆಲೂಗಡ್ಡೆ ನೀರಿಗೆ ಬಿತ್ತು.
ಆಮೇಲೆ ಬಹಳ ಹೊತ್ತು ಇಬ್ಬರೂ ಏನೂ ಹೇಳಲಿಲ್ಲ,
ಉಪ್ಪು ಹಾಕಿದೆಯಾ ಎಂಬುದನ್ನು ಬಿಟ್ಟು.

ಮೇಜು ಏಪ್ರಿಲ್ಲಿನಲ್ಲಿ ಬಂತು.
ಅಗಲ ಅಳೆಯದೆ ಇಳಿದು ಬಂದಿದ್ದೆನಲ್ಲ,
ಎರಡಂಗುಲ ಹೆಚ್ಚಾಗಿ ಈಗ ಬಾಗಿಲು ಅರ್ಧವೇ ತೆರೆಯುತ್ತದೆ,
ಅಡ್ಡಡ್ಡಕ್ಕೆ ನುಸುಳಬೇಕು.
ನೆಟ್ಟಾ ಕೊಂಚ ದಪ್ಪ; ಅವಳು ಬಂದಾಗ ನೋಡೋಣ.
ಬಾಯಿ ಬಿಡುವ ರೇಡಿಯೊ ಒಂದು ಕಿಟಕಿಯ ಕಟ್ಟೆ ಸೇರಿದೆ,
ಎಂಟು ಇನ್ನೂ ಷೆಡ್ಡಿನಲ್ಲಿವೆ.
ಮಡಚುವ ಮಂಚ ಹಗಲಲ್ಲಿ ಮಡಚಬೇಕೆಂದು ಕರಾರು;
ಮಡಚಿದ್ದು ನಾನು ಕಂಡಿಲ್ಲ.

ಹೊಸ ಸೋಪು ತಂದಿಟ್ಟಿದ್ದೇನೆ,
ಇಟ್ಟಿಗೆಯಂಥದ್ದು, ಬಟ್ಟೆಗೂ ಆಗುತ್ತದೆ.
ನೆಂಟರು ಬಂದರೆ
ಅದರಲ್ಲೇ ತೊಳೆದುಕೊಳ್ಳಲಿ.